ಇರುವ ಮನೆಯೇ ಹಸಿರು ಮನೆ

ಎಂಬತ್ತು ವರ್ಷ ನಿಂತ ಮನೆಯನ್ನು ಕೆಡವಲು ಜೆಸಿಬಿಗೆ ಒಂದು ಹಗಲು ಸಾಕು. ಬೆಳಿಗ್ಗೆ ಹೆಂಚು ಇಳಿಸುತ್ತಾರೆ. ತೊಲೆ, ಜಂತಿ, ಬಾಗಿಲುವಾಡಗಳನ್ನು ಹಳೆ ಮರದ ವ್ಯಾಪಾರಿ ಒಟ್ಟಾರೆ ಲೆಕ್ಕದಲ್ಲಿ ಕೊಂಡು ಲಾರಿಗೆ ಹೇರುತ್ತಾನೆ. ಸಂಜೆಯ ಹೊತ್ತಿಗೆ ಗೋಡೆಗಳಿದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಅಗ್ರಹಾರ, ಧಾರವಾಡದ ಮಾಳಮಡ್ಡಿ, ಕರಾವಳಿಯ ತೋಟದ ಮನೆಗಳು, ಎಲ್ಲೆಲ್ಲೂ ಇದೇ ನಡೆಯುತ್ತಿದೆ. ಆ ಗುಡ್ಡೆ ತೆಗೆದ ಮೇಲೆ ಏಳುವ ಹೊಸ ಮನೆಯನ್ನು ಈಚೆಗೆ ‘ಪರಿಸರಸ್ನೇಹಿ’ ಎಂದು ಕರೆಯುವುದು ರೂಢಿಯಾಗಿದೆ. ತಾರಸಿಯ ಮೇಲೆ ಸೌರಫಲಕ, ಬಾಲ್ಕನಿಯಲ್ಲಿ ಗಿಡ, ನಲ್ಲಿಗಳಿಗೆ ನೀರು ಉಳಿಸುವ ಬಿರಡೆ. ಇವೆಲ್ಲ ಒಳ್ಳೆಯವೇ. ಆದರೆ ಗಟ್ಟಿಯಾಗಿದ್ದ ಮನೆಯೊಂದನ್ನು ಕೆಡವಿ ಕಟ್ಟಿದ ಮನೆಗೆ ಆ ಹೆಸರು ಸಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಹಳೆಯದರ ಮೇಲಿನ ಮೋಹದಿಂದ ಬಂದ ಮಾತಲ್ಲ, ಇದಕ್ಕೊಂದು ಲೆಕ್ಕವಿದೆ. ಆ ಲೆಕ್ಕ ಹಾಕಿದವರೂ ನಮ್ಮ ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಘಟಕ ಆರಂಭಿಸಿದರು. ಕಡಿಮೆ ಸೌದೆಯಲ್ಲಿ ಅಡುಗೆಯಾಗುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ‘ಅಸ್ತ್ರ ಒಲೆ’ ಬಂದದ್ದು ಅಲ್ಲಿಂದಲೇ. ಅದೇ ಘಟಕದ ಪ್ರೊ. ಕೆ.ಎಸ್. ಜಗದೀಶ್ ಮತ್ತು ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಕಟ್ಟಡ ಸಾಮಗ್ರಿಗಳ ಕಡೆ ಗಮನ ಹರಿಸಿದರು. ಒಂದು ಇಟ್ಟಿಗೆ ಸುಡಲು, ಒಂದು ಮೂಟೆ ಸಿಮೆಂಟ್ ತಯಾರಿಸಲು, ಒಂದು ಕಿಲೋ ಕಬ್ಬಿಣ ಕಾಯಿಸಿ ಎಳೆಯಲು, ಇವನ್ನೆಲ್ಲ ಕಟ್ಟುವ ಜಾಗಕ್ಕೆ ಸಾಗಿಸಲು ಎಷ್ಟು ಶಕ್ತಿ ಬೇಕು? ಮನೆಯ ಮೈಯೊಳಗೆ ಹೀಗೆ ಅಡಗಿರುವ ಶಕ್ತಿಯನ್ನು ಅಳೆದು ಅವರು 2003ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಕಾಂಕ್ರೀಟ್ ಕಂಬ-ತೊಲೆಗಳ ಬಹುಮಹಡಿ ಕಟ್ಟಡದಲ್ಲಿ ಒಂದು ಚದರ ಮೀಟರಿಗೆ ಸುಮಾರು 4.2 ಗಿಗಾಜೂಲ್ ಖರ್ಚಾಗುತ್ತದೆ. ಭಾರವನ್ನು ಗೋಡೆಯೇ ಹೊರುವ ಸುಟ್ಟ ಇಟ್ಟಿಗೆಯ ಕಟ್ಟಡದಲ್ಲಿ ಇದು 2.9. ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿ, ಚಾವಣಿಯಲ್ಲೂ ಅದನ್ನೇ ತುಂಬಿದರೆ 1.6.

ಅಂಕಿಗಳನ್ನು ಮನೆಯ ಭಾಷೆಗೆ ತರೋಣ. ನೂರು ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಹತ್ತೂಮುಕ್ಕಾಲು ಚದರದ ಮನೆಯನ್ನು ಕಂಬ-ಕಾಂಕ್ರೀಟಿನ ಬಹುಮಹಡಿ ಪದ್ಧತಿಯಲ್ಲಿ ಕಟ್ಟಿದರೆ 420 ಗಿಗಾಜೂಲ್ ಬೇಕು. ವಿದ್ಯುತ್ತಿನ ಅಳತೆಗೆ ತಿರುಗಿಸಿದರೆ ಇದು ಒಂದು ಲಕ್ಷ ಹದಿನಾರು ಸಾವಿರ ಯೂನಿಟ್. ತಿಂಗಳಿಗೆ 200 ಯೂನಿಟ್ ಉರಿಸುವ ಕುಟುಂಬ ನಲವತ್ತೆಂಟು ವರ್ಷ ಬಳಸುವಷ್ಟು. ಗೂಡಿನ ಶಾಖವನ್ನೂ ತಂತಿಯ ವಿದ್ಯುತ್ತನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ಸರಿಯಲ್ಲ, ನಿಜ. ಆದರೂ ವಿಷಯದ ಗಾತ್ರ ಎಷ್ಟೆಂದು ಇದರಿಂದ ತಿಳಿಯುತ್ತದೆ. ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಮೊದಲೇ ಆ ಮನೆ ಅಷ್ಟನ್ನೂ ಖರ್ಚು ಮಾಡಿ ಮುಗಿಸಿರುತ್ತದೆ. ಎಲ್ಇಡಿ ಬಲ್ಬಿನಿಂದಾಗುವ ಉಳಿತಾಯ ಅದನ್ನು ಬೇಗ ತುಂಬಿಕೊಡಲಾರದು. ಜಗತ್ತಿನಲ್ಲಿ ಮನುಷ್ಯರಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟ್ ಒಂದರ ಪಾಲೇ ಶೇ 7-8ರಷ್ಟಿದೆ. ನಮ್ಮ ತಾತ ಕಟ್ಟಿಸಿದ ಮನೆಯ ಖರ್ಚು ಎಂದೋ ಮುಗಿದಿದೆ. ಅದನ್ನು ಉಳಿಸಿಕೊಂಡು ಸರಿಪಡಿಸಿದರೆ ಹೊಸದಾಗಿ ಸುಡಬೇಕಾದದ್ದು ತೀರಾ ಕಡಿಮೆ.

ಸರಿಪಡಿಸುವುದೆಂದರೆ ಮೊದಲು ಆ ಮನೆ ಯಾವ ಜಾತಿಯದು ಎಂದು ಗುರುತಿಸಬೇಕು. ಕರ್ನಾಟಕದಲ್ಲಿ ‘ಹಳೆ ಮನೆ’ ಎಂಬ ಒಂದೇ ವಸ್ತುವಿಲ್ಲ. ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ಎರಡಡಿ ದಪ್ಪದ ಗೋಡೆ, ಜಂತಿಯ ಮೇಲೆ ಹರಡಿದ ಮಣ್ಣಿನ ಹೊದಿಕೆ, ಬೆಳಕಿಗೊಂದು ಗವಾಕ್ಷಿ. ಅದರ ಹೊದಿಕೆಗೆ ಕರಲು ಮಣ್ಣನ್ನು ಆಯ್ದು ತರುತ್ತಿದ್ದರು, ಏಕೆಂದರೆ ಅದು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ತುಮಕೂರು, ಕೋಲಾರದ ಕಡೆ ಕಲ್ಲು ಚಪ್ಪಡಿಯ ಸೂರು. ಹಳೆ ಮೈಸೂರಿನಲ್ಲಿ ತೊಟ್ಟಿ ಮನೆ. ಕರಾವಳಿಯಲ್ಲಿ ಮುರಕಲ್ಲಿನ ಗೋಡೆಯ ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಮಲೆನಾಡು, ಮೈಸೂರುಗಳಿಗೂ ಹಬ್ಬಿತು. ಇನ್ನು ಬೆಂಗಳೂರಿನ ಬಡಾವಣೆಗಳಲ್ಲಿ 1960-70ರ ದಶಕದಲ್ಲಿ ಎದ್ದ ಮನೆಗಳು ಬೇರೆಯೇ: ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ಕೆಂಪು ಗಾರೆಯ ನೆಲ. ಒಂದಕ್ಕೆ ಮಾಡುವ ಔಷಧ ಇನ್ನೊಂದಕ್ಕೆ ವಿಷವಾಗಬಹುದು.

ಹಾಗೆ ವಿಷವಾಗಿರುವುದರಲ್ಲಿ ಮೊದಲನೆಯದು ಸಿಮೆಂಟ್ ಗಿಲಾವು. ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಹಳೆ ಮನೆಗಳು ಹಾಳಾಗುತ್ತಿರುವುದು ‘ರಿಪೇರಿ’ಯಿಂದಲೇ. ಮಣ್ಣಿನ ಗೋಡೆಗೂ ಮಣ್ಣುಗಾರೆಯಲ್ಲಿ ಕಟ್ಟಿದ ಕಲ್ಲು, ಇಟ್ಟಿಗೆಯ ಗೋಡೆಗೂ ತಳದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಗೋಡೆಯನ್ನೇರುತ್ತದೆ, ಎರಡಡಿ ಮೂರಡಿ ಎತ್ತರಕ್ಕೆ ಬರುವಷ್ಟರಲ್ಲಿ ಗಾಳಿಗೆ ಆರಿಹೋಗುತ್ತದೆ. ಮಣ್ಣು, ಸುಣ್ಣ ಎರಡೂ ತೇವವನ್ನು ಒಳಗೂ ಹೊರಗೂ ಬಿಡುವ ಸ್ವಭಾವದವು, ಆದ್ದರಿಂದ ಗೋಡೆ ನೂರು ವರ್ಷ ಕಳೆದರೂ ನಿಂತಿರುತ್ತದೆ. ಯಾರೋ ಬಂದು ಗೋಡೆ ಉದುರುತ್ತಿದೆ ಎಂದು ಅದರ ಮೇಲೆ ಸಿಮೆಂಟ್ ಬಳಿದು, ನೀರು ನಿರೋಧಕ ಬಣ್ಣ ಹೊಡೆಯುತ್ತಾರೆ. ಆಮೇಲೆ ತೇವಕ್ಕೆ ಹೊರಹೋಗುವ ದಾರಿ ಮುಚ್ಚುತ್ತದೆ. ಮೂರಡಿಗೆ ನಿಲ್ಲುತ್ತಿದ್ದದ್ದು ಆರಡಿಗೆ ಏರುತ್ತದೆ. ಬಣ್ಣದ ಕೆಳಗೆ ಬೊಬ್ಬೆ ಏಳುತ್ತದೆ, ಬಿಳಿ ಉಪ್ಪು ಉದುರುತ್ತದೆ, ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹೀಗೆ ನಾವೇ ಉಸಿರು ಕಟ್ಟಿಸಿದ ಗೋಡೆಯನ್ನು ನೋಡಿ, ಮನೆಗೆ ವಯಸ್ಸಾಯಿತು, ಕೆಡವುವುದೇ ವಾಸಿ ಎಂಬ ತೀರ್ಪು ಬರುತ್ತದೆ. ನಾನು ಕಂಡ ಹಲವು ಮನೆಗಳ ಕತೆ ಇದೇ.

ಪರಿಹಾರ ನಿಧಾನದ್ದು, ಆದರೆ ಕಷ್ಟದ್ದಲ್ಲ. ಮನೆಯ ಸುತ್ತ ನೆಲದ ಮಟ್ಟ ಪಾಯದ ಕಟ್ಟೆಗಿಂತ ಮೇಲೆ ಬಂದಿದ್ದರೆ ಅಗೆದು ಇಳಿಸಬೇಕು. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿ ಎತ್ತರಿಸುವ ನಮ್ಮ ಊರುಗಳಲ್ಲಿ ಇದು ಸಾಮಾನ್ಯ ತೊಂದರೆ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಕಟ್ಟಬೇಕು. ಸಿಮೆಂಟ್ ಗಿಲಾವನ್ನು ಕಿತ್ತು, ಗೋಡೆಯನ್ನು ಒಂದು ಬೇಸಿಗೆ ಬರಿಮೈಯಲ್ಲಿ ಆರಲು ಬಿಡಬೇಕು. ಆಮೇಲೆ ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಲ್ಲಿ ಅರಳಿಸಿ, ವಾರಗಟ್ಟಲೆ ನೆನೆಹಾಕಿ, ಮರಳು ಅಥವಾ ಇಟ್ಟಿಗೆಪುಡಿ ಬೆರೆಸಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಅರೆಯುವ ಪದ್ಧತಿ ನಮ್ಮ ದೇವಸ್ಥಾನ, ಅರಮನೆಗಳಲ್ಲೆಲ್ಲ ನಡೆದದ್ದು. ಸುಣ್ಣಕ್ಕೆ ಇನ್ನೊಂದು ಗುಣವಿದೆ. ಅದು ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು. ಸುಡುವಾಗ ಕಲ್ಲಿನಿಂದ ಹೊರಬಿದ್ದದ್ದರಲ್ಲಿ ಒಂದು ಪಾಲು ಹೀಗೆ ಗೋಡೆಗೇ ಮರಳುತ್ತದೆ. ಗಾರೆಯ ಕೆಲಸ ಬಲ್ಲ ಮೇಸ್ತ್ರಿಗಳು ಈಗ ವಿರಳ, ಅವರ ಕೂಲಿ ಹೆಚ್ಚು, ಕೆಲಸ ನಿಧಾನ. ಆದರೆ ಆ ಹಣ ಸೇರುವುದು ಕಾರ್ಖಾನೆಗಲ್ಲ, ಕೈಕಸುಬಿನ ಮನುಷ್ಯನಿಗೆ. ಅವರಿಗೆ ಕೆಲಸ ಸಿಕ್ಕರಷ್ಟೇ ಅವರ ಮಕ್ಕಳು ಅದನ್ನು ಕಲಿತಾರು.

ಗೋಡೆ ಆದ ಮೇಲೆ ಸೂರು. ಒಂದಂತಸ್ತಿನ ಮನೆಗೆ ಬಿಸಿಲಿನ ಶಾಖ ಹೆಚ್ಚಾಗಿ ಬರುವುದು ತಲೆಯ ಮೇಲಿನಿಂದ. ಐದಿಂಚಿನ ಕಾಂಕ್ರೀಟ್ ತಾರಸಿ ಹಗಲೆಲ್ಲ ಕಾದು, ನಾವು ಮಲಗುವ ಹೊತ್ತಿಗೆ ಆ ಬಿಸಿಯನ್ನು ಕೋಣೆಯೊಳಕ್ಕೆ ಬಿಡುತ್ತದೆ. ಏಪ್ರಿಲ್ ರಾತ್ರಿ ಫ್ಯಾನು ಬಿಸಿಗಾಳಿ ಬೀಸುವುದು ಇದಕ್ಕೇ. ಹವಾನಿಯಂತ್ರಕ ಕೊಳ್ಳುವ ಮೊದಲು ತಾರಸಿಗೆ ಬೆಳ್ಳಗೆ ಸುಣ್ಣವನ್ನೋ ಬಿಸಿಲು ಹಿಂತಿರುಗಿಸುವ ಬಿಳಿ ಲೇಪವನ್ನೋ ಬಳಿದು ನೋಡಿ. ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಹಾಸಿದರೆ ಹೆಚ್ಚು ಕಾಲ ಬಾಳುತ್ತದೆ. ತೆಂಗಿನ ಗರಿಯ ಚಪ್ಪರ ಅಥವಾ ತೊಂಡೆ, ಅವರೆಯ ಬಳ್ಳಿ ಹಬ್ಬಿಸಿದ ಹಂದರವೂ ಆಗುತ್ತದೆ. ಸೌರಫಲಕ ಕೂರಿಸಿದರೆ ಅದರ ನೆರಳೂ ಲಾಭವೇ; ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ತಾರಸಿಯ ಮೇಲೆ ಮಣ್ಣು ತುಂಬಿ ತೋಟ ಮಾಡುವ ಆಸೆಯಿದ್ದವರು ಮಾತ್ರ ಮೊದಲು ಎಂಜಿನಿಯರನ್ನು ಕೇಳಬೇಕು. ನೆನೆದ ಮಣ್ಣಿನ ಭಾರ ಹಳೆ ತಾರಸಿಗೆ ಅಪಾಯ.

ಹೆಂಚಿನ ಮನೆಯವರ ಕೆಲಸ ಸುಲಭ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು, ಒಡೆದದ್ದನ್ನು ಬದಲಿಸುವುದು, ಗೆದ್ದಲು ಹಿಡಿದ ರೀಪು, ಪಕ್ಕಾಸುಗಳನ್ನಷ್ಟೇ ತೆಗೆದು ಹೊಸದು ಹಾಕುವುದು. ಮನೆ ಕತ್ತಲೆ ಎನಿಸಿದರೆ ಅಲ್ಲಲ್ಲಿ ಗಾಜಿನ ಹೆಂಚು ಇಡಬಹುದು. ಹೆಂಚನ್ನೆಲ್ಲ ಇಳಿಸಿ ತಗಡು ಹೊದಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತಿತ್ತು. ಅಟ್ಟ ಆ ಶಾಖವನ್ನು ಕೆಳಗೆ ಇಳಿಯಗೊಡುತ್ತಿರಲಿಲ್ಲ. ತಗಡಿನ ಕೆಳಗೆ ಇವೆರಡೂ ಕೆಲಸ ನಿಂತುಹೋಗಿ, ಮಲೆನಾಡಿನಲ್ಲೂ ಎಸಿ ಬೇಕು ಎನ್ನುವ ಸ್ಥಿತಿ ಬರುತ್ತದೆ.

ನೀರಿನ ಮಾತಿಗೆ ಬಂದರೆ, ಹಳೆ ಮನೆಯೇ ಹೊಸದಕ್ಕಿಂತ ಅನುಕೂಲ. ಅಲ್ಲಿ ಅಂಗಳವಿರುತ್ತದೆ, ಕೆಲವೆಡೆ ಮುಚ್ಚಿಹೋದ ಬಾವಿಯೂ ಇರುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಒಂಬತ್ತು ಚದರದ ಸೂರಿದ್ದರೆ ಅದರ ಮೇಲೆ ವರ್ಷದಲ್ಲಿ ಎಂಬತ್ತು ಸಾವಿರ ಲೀಟರ್ ನೀರು ಬೀಳುತ್ತದೆ. ಹಾರಿ, ಸೋರಿ ಹೋಗುವುದನ್ನು ಕಳೆದರೂ ಅರವತ್ತೈದು ಸಾವಿರ ಲೀಟರ್ ಕೈಗೆ ಸಿಗುತ್ತದೆ. ಇತ್ತ ನಾವು ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲೆತ್ತಿ ತರುತ್ತೇವೆ. ಆ ಪಂಪುಗಳ ವಿದ್ಯುತ್ತೂ ನಮ್ಮ ಮನೆಯ ಲೆಕ್ಕಕ್ಕೇ ಸೇರಬೇಕಾದದ್ದು.

ಬೆಂಗಳೂರಿನ ವಿಜಯನಗರದಲ್ಲಿ ಎ.ಆರ್. ಶಿವಕುಮಾರ್ ಅವರ ‘ಸೌರಭ’ ಮನೆ ಇದೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಅವರು 1990ರ ದಶಕದಲ್ಲಿ ಮನೆ ಕಟ್ಟುವಾಗ ಜಲಮಂಡಳಿಯ ಸಂಪರ್ಕವನ್ನೇ ಪಡೆಯಲಿಲ್ಲ. ಹಳೆಯ ಮಳೆ ದಾಖಲೆಗಳನ್ನು ತಿರುವಿ, ಎರಡು ಒಳ್ಳೆಯ ಮಳೆಗಳ ನಡುವಿನ ಅತಿ ದೀರ್ಘ ಅಂತರ ಸುಮಾರು ನೂರು ದಿನ ಎಂದು ಕಂಡುಕೊಂಡರು. ಮನೆಗೆ ದಿನಕ್ಕೆ 400 ಲೀಟರ್ ಬೇಕು. ಹಾಗಾದರೆ 40,000 ಲೀಟರ್ ಕೂಡಿಟ್ಟರೆ ಸಾಕು. ಇಷ್ಟೇ ಅವರ ಲೆಕ್ಕ. ಅದರ ಮೇಲೆ ಆ ಕುಟುಂಬ ದಶಕಗಳಿಂದ ಮಳೆನೀರಿನಲ್ಲೇ ಬದುಕಿದೆ. ದಿನಕ್ಕೆ 400 ಲೀಟರ್ ಎಂಬ ಮಾತನ್ನು ಗಮನಿಸಬೇಕು. ಟ್ಯಾಂಕಿನ ಗಾತ್ರಕ್ಕಿಂತ ಆ ಹಿಡಿತವೇ ದೊಡ್ಡದು.

2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು: ಇರುವ ಮನೆಗಳಲ್ಲಿ ನಲವತ್ತು-ಅರವತ್ತರ ನಿವೇಶನದವಕ್ಕೆ, ಹೊಸದಾಗಿ ಕಟ್ಟುವವುಗಳಲ್ಲಿ ಮೂವತ್ತು-ನಲವತ್ತರ ನಿವೇಶನದವಕ್ಕೂ. ಕಾನೂನಿನ ಕಣ್ಣಿಗೆ ಒಂದು ಕೊಳವೆ, ಒಂದು ನೀಲಿ ಡ್ರಮ್ಮು ತೋರಿಸಿ ಸುಮ್ಮನಾದವರು ಬಹಳ. ತೊಟ್ಟಿ ಕಟ್ಟಲು ಜಾಗ, ಹಣ ಇಲ್ಲದಿದ್ದರೆ ಇಂಗುಬಾವಿ ಮಾಡಿಸಬಹುದು. ಮೂರಡಿ ಅಗಲ, ಇಪ್ಪತ್ತಡಿ ಆಳ, ಸುತ್ತ ಸಿಮೆಂಟ್ ಉಂಗುರ, ತಳ ಬರಿ ಮಣ್ಣು. ಇದನ್ನು ತೋಡಲು ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದ ಭೋವಿ ಸಮುದಾಯದ ಕುಶಲರು ಬೆಂಗಳೂರಿನ ಸುತ್ತ ಇಂದಿಗೂ ಇದ್ದಾರೆ. ಸೋಸದ ನೀರನ್ನು ನೇರ ಕೊಳವೆಬಾವಿಗೆ ಬಿಡುವುದು ಮಾತ್ರ ಕೂಡದು. ಮೇಲಿನ ಕೊಳೆ ಆಳದ ನೀರಿಗೆ ಸೇರಿದರೆ ತೆಗೆಯುವ ದಾರಿಯಿಲ್ಲ. ಬಚ್ಚಲಿನ ನೀರನ್ನು ಬಾಳೆ, ಕೆಸು, ಕಾಬಾಳೆಯ ಪಾತಿಗೆ ಹರಿಸುವುದು ನಮ್ಮ ಹಿತ್ತಿಲುಗಳು ಎಂದೂ ಮಾಡುತ್ತಿದ್ದ ಕೆಲಸ.

ಹಳೆ ಮನೆಯಲ್ಲಿ ಎಲ್ಲವೂ ಚೆನ್ನಿತ್ತು ಎಂದು ನಾನು ಹೇಳುತ್ತಿಲ್ಲ. ಅಡುಗೆಮನೆ ಬಹುಪಾಲು ಕಡೆ ಅತ್ಯಂತ ಕತ್ತಲೆಯ, ಹೊಗೆ ತುಂಬಿದ ಮೂಲೆಯಾಗಿತ್ತು, ಅಲ್ಲಿ ಇಡೀ ದಿನ ನಿಂತವರು ಹೆಂಗಸರು. ಶೌಚಾಲಯ ಹಿತ್ತಿಲಿನಾಚೆ. ವಯಸ್ಸಾದವರಿಗೆ ಎತ್ತರದ ಹೊಸ್ತಿಲು, ಜಾರುವ ಬಚ್ಚಲು. ನವೀಕರಣದ ಮೊದಲ ಹಣ ಇಲ್ಲಿಗೇ ಹೋಗಬೇಕು. ಅಡುಗೆಮನೆಗೆ ಎದುರುಬದುರು ಎರಡು ಕಿಟಕಿ, ಮೇಲೆ ಜಾಲಂದ್ರ. ಮಲಗುವ ಕೋಣೆಗೆ ಹತ್ತಿರ ಬಚ್ಚಲು. ಮರದ ಪಟ್ಟಿಯ ಮೇಲಿನ ಹಳೆ ವೈರಿಂಗ್ ಪೂರ್ತಿ ಬದಲು. ಫ್ಯಾನು ಕೊಳ್ಳುವಾಗ ಬಿಎಲ್‌ಡಿಸಿ ಮಾದರಿ ಕೇಳಿ, ಹಳೆಯದು 75 ವಾಟ್ ಎಳೆಯುವಲ್ಲಿ ಅದಕ್ಕೆ ಮೂವತ್ತರ ಆಸುಪಾಸು ಸಾಕು. ಕೆಂಪು ಗಾರೆ ನೆಲವನ್ನು ಮಾತ್ರ ಕೀಳಬೇಡಿ. ಬಿರುಕಿದ್ದರೆ ತುಂಬಿಸಿ ಉಜ್ಜಿಸಿದರೆ ಇನ್ನೊಂದು ತಲೆಮಾರಿಗೆ ಬರುತ್ತದೆ.

ಕುಟುಂಬ ಬೆಳೆದು ಕೋಣೆಯೊಂದು ಹೆಚ್ಚು ಬೇಕಾದರೆ ಆ ಭಾಗವನ್ನು ಒತ್ತಿದ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿ. ಪಾಯ ತೆಗೆದ ಮಣ್ಣೇ ಸಾಮಗ್ರಿಯಾಗುತ್ತದೆ. ಶೇ 6-8 ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರು ಕುಡಿಸಿದರೆ ಮುಗಿಯಿತು, ಗೂಡು ಬೇಡ, ಸೌದೆ ಬೇಡ. ಬೆಂಗಳೂರಿನ ಕೆಂಪುಮಣ್ಣು ಇದಕ್ಕೆ ಹೇಳಿಮಾಡಿಸಿದ್ದು. ಜಿಗುಟು ಹೆಚ್ಚಿದ್ದರೆ ಕ್ವಾರಿ ಪುಡಿ ಸೇರಿಸುತ್ತಾರೆ. ಉತ್ತರ ಕರ್ನಾಟಕದ ಎರೆಮಣ್ಣಿಗೆ ಸಿಮೆಂಟ್ ಹೊಂದುವುದಿಲ್ಲ, ಅದು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅಲ್ಲಿ ಸುಣ್ಣ ಅಥವಾ ಹತ್ತಿರದ ಕಲ್ಲೇ ದಾರಿ. ಚಾವಣಿಗೆ ಕಾಂಕ್ರೀಟ್ ಹಾಕುವಾಗ ಕೆಳಭಾಗದಲ್ಲಿ ಹಳೆ ಮಂಗಳೂರು ಹೆಂಚನ್ನು ತುಂಬಿದರೆ ಅಷ್ಟು ಕಾಂಕ್ರೀಟ್ ಉಳಿಯುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಇದನ್ನು ಮನೆಮಾತಾಗಿಸಿದರು. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ನೂರಾರು ಮನೆಗಳನ್ನು ಮಣ್ಣಿನಲ್ಲಿ ಕಟ್ಟಿ, ಇದು ಬಡವರ ಗುಡಿಸಲಿನ ವಿದ್ಯೆ ಎಂಬ ತಪ್ಪು ತಿಳಿವಳಿಕೆಯನ್ನು ಅಳಿಸಿದ್ದಾರೆ.

ಆದರೆ ಮಣ್ಣಿನ ಹೆಸರಿನಲ್ಲೂ ಅತಿಯಾಗುವುದುಂಟು. ನಗರದಾಚೆಯ ತೋಟದಲ್ಲಿ ಇಬ್ಬರು ವಾರಾಂತ್ಯ ಕಳೆಯಲು ಐವತ್ತು ಚದರದ ಮಣ್ಣಿನ ಬಂಗಲೆ ಕಟ್ಟಿದರೆ ಅದು ಪರಿಸರಕ್ಕೆ ಭಾರವೇ. ಸಾಮಗ್ರಿಗಿಂತ ಮೊದಲು ಗಾತ್ರದ ಪ್ರಶ್ನೆ ಬರುತ್ತದೆ. ಬಳಸದ ಕೋಣೆಗಿಂತ ದುಬಾರಿಯಾದ ಕೋಣೆ ಇಲ್ಲ.

ಕೆಡವಲೇಬೇಕಾದ ಮನೆಗಳೂ ಇವೆ. ಪಾಯ ಕುಸಿದು ಗೋಡೆಯಲ್ಲಿ ಕರ್ಣರೇಖೆಯ ಬಿರುಕು ವರ್ಷ ವರ್ಷ ಅಗಲವಾಗುತ್ತಿದ್ದರೆ, ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ತಾರಸಿಯ ತಳ ಉದುರುತ್ತಿದ್ದರೆ ಅಲ್ಲಿ ಭಾವುಕತೆಗೆ ಜಾಗವಿಲ್ಲ, ಒಳಗೆ ಮನುಷ್ಯರು ಮಲಗುತ್ತಾರೆ. ಆಗಲೂ ಜೆಸಿಬಿ ಬೇಡ, ಬಿಚ್ಚಿಸಿ. ಬಾಗಿಲು, ಕಿಟಕಿ, ತೊಲೆ, ಹೆಂಚು, ಚಪ್ಪಡಿ, ಇಟ್ಟಿಗೆ ಎಲ್ಲಕ್ಕೂ ಎರಡನೆಯ ಬಾಳು ಉಂಟು. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ಭಾಗ ಭಾಗವಾಗಿ ಬಿಚ್ಚಿ ತಂದು, ಮತ್ತೆ ಜೋಡಿಸಿ ಪಾರಂಪರಿಕ ಗ್ರಾಮವನ್ನೇ ಎಬ್ಬಿಸಿದರು. ಅಷ್ಟು ದೊಡ್ಡದು ನಮ್ಮಿಂದಾಗದು. ಅಜ್ಜಿಯ ಕಾಲದ ಹಲಸಿನ ಬಾಗಿಲನ್ನು ಹೊಸ ಗೋಡೆಗೆ ಕೂರಿಸುವುದು ಯಾರಿಂದಲೂ ಆಗುತ್ತದೆ.

ಮನೆ ಕೆಡವಿಸುವ ಯೋಚನೆಯಲ್ಲಿರುವವರಲ್ಲಿ ನನ್ನದೊಂದು ವಿನಂತಿ. ಗುತ್ತಿಗೆದಾರನಿಗೆ ಮುಂಗಡ ಕೊಡುವ ಮೊದಲು ಆ ಮನೆಯಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಕಣ್ಣುಬಿಟ್ಟು ಕಳೆಯಿರಿ. ನೀರು ಎಲ್ಲಿ ಸೋರುತ್ತದೆ, ಬಿಸಿಲು ಯಾವ ಗೋಡೆಗೆ ಹೊಡೆಯುತ್ತದೆ, ಗಾಳಿ ಎಲ್ಲಿಂದ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆ ಹಾಳೆಯನ್ನು ಹಿಡಿದು ಒಬ್ಬ ಕಟ್ಟಡ ಎಂಜಿನಿಯರನ್ನೂ ಸುಣ್ಣದ ಕೆಲಸ ಬಲ್ಲ ಒಬ್ಬ ಹಿರಿಯ ಮೇಸ್ತ್ರಿಯನ್ನೂ ಮನೆಗೆ ಕರೆಯಿರಿ, ಇಬ್ಬರ ಮಾತನ್ನೂ ಕೇಳಿ. ಅವರಿಬ್ಬರೂ ಉಳಿಯುವುದಿಲ್ಲ ಎಂದರೆ ಮಾತ್ರ ಕೆಡವಿ.